ಜೀವಂತ ಮೀನು ಸಾಗಣೆ: ಆಕ್ಸಿಜನ್‌ಗೆ, ಇನ್ಸುಲೇಟೆಡ್ ಟ್ಯಾಂಕಿಗೆ ಹಾಕಿದ ದುಡ್ಡು ಎಲ್ಲಿ ವಾಪಸ್ ಬರುತ್ತೆ?

ಕೆರೆದಂಡೆ:
ಚರ್ಚೆಗೆ ಒಂದು ಮಾದರಿ ಟ್ರಿಪ್ ಇಟ್ಟುಕೊಳ್ಳೋಣ. 3 ಟನ್ ಹೊರುವ ಗಾಡಿ, 6 ಗಂಟೆ ದಾರಿ, ಅರ್ಧ ಕೆಜಿ ತೂಕದ ತಿಲಾಪಿಯ. ಈಗ ಇರುವುದು ಮಾಮೂಲಿ ಪ್ಲಾಸ್ಟಿಕ್ ಟ್ಯಾಂಕ್, ಬ್ಲೋವರ್ ಗಾಳಿ, ನೀರು 30 ಡಿಗ್ರಿ. ಟ್ಯಾಂಕ್, ಚೌಕಟ್ಟು, ಸಾಮಾನು ಎಲ್ಲ ಸೇರಿ 500 ಕೆಜಿ ಹೋದರೆ ನೀರಿಗೂ ಮೀನಿಗೂ ಸೇರಿ ಉಳಿಯುವುದು 2500 ಕೆಜಿ. ಅದರಲ್ಲಿ ಮೀನು 250 ಕೆಜಿ. ದಾರಿಯಲ್ಲಿ ಸತ್ತದ್ದು, ಇಳಿಸಿದ ಮೇಲೆ ಮೂರು ದಿನದೊಳಗೆ ಸತ್ತದ್ದು ಸೇರಿ ನಷ್ಟ 8%.

ಒಂದೊಂದು ಕಡೆ ಒಂದೊಂದು ದರ ಇರುವುದರಿಂದ ಹಣವನ್ನು ಬರೀ ಅಂಕದಲ್ಲಿ ಬರೆಯುತ್ತೇನೆ. ಹೊಂಡದ ದಂಡೆಯಲ್ಲಿ ಮೀನು ಕೆಜಿಗೆ 70 ಅಂಕ. ಗಾಡಿ, ಡೀಸೆಲ್, ಡ್ರೈವರ್, ಆಳು ಸೇರಿ ಟ್ರಿಪ್ಪಿಗೆ 5000 ಅಂಕ. ಆಕ್ಸಿಜನ್ ಸಿಲಿಂಡರ್, ಅದನ್ನು ಸಣ್ಣ ಗುಳ್ಳೆಯಾಗಿ ನೀರಿಗೆ ಬಿಡುವ ಡಿಫ್ಯೂಸರ್, ಹೊರಗಿನ ಬಿಸಿ ತಟ್ಟದ ಇನ್ಸುಲೇಟೆಡ್ ಟ್ಯಾಂಕ್ ಹಾಕಿಸಿದರೆ ಆಕ್ಸಿಜನ್ ಖರ್ಚು ಮತ್ತು ಸಾಮಾನಿನ ಸವಕಳಿ ಸೇರಿ ಟ್ರಿಪ್ಪಿಗೆ ಇನ್ನೂ 1100 ಅಂಕ ಹೆಚ್ಚಾಗುತ್ತೆ ಅಂತ ಇಟ್ಟುಕೊಳ್ಳಿ. ಸಾವು 8% ಇದ್ದದ್ದು 3% ಆಗುತ್ತೆ ಅನ್ನುತ್ತಾರೆ. ಗಿಟ್ಟುತ್ತಾ?

ತಕ್ಕಡಿ:
ಬರೀ ಸಾವು ಕಡಿಮೆ ಮಾಡೋಕೆ ಅಂತ ಹಾಕಿಸಿದರೆ ಗಿಟ್ಟಲ್ಲ. ನಿಮ್ಮ ಅಂಕಗಳನ್ನೇ ಹಿಡಿದು ನೋಡಿ.

ಈಗಿನ ಪದ್ಧತಿ: ಮೀನಿಗೆ 17,500, ಟ್ರಿಪ್ಪಿಗೆ 5000, ಒಟ್ಟು 22,500. ಬದುಕಿ ಉಳಿಯುವುದು 230 ಕೆಜಿ. ಅಂದರೆ ಜೀವಂತ ಕೆಜಿಗೆ 97.8 ಬೀಳುತ್ತೆ.

ಅದೇ 250 ಕೆಜಿ, ಸಾವು 3%: ಒಟ್ಟು ಖರ್ಚು 23,600, ಉಳಿಯುವುದು 242.5 ಕೆಜಿ. ಕೆಜಿಗೆ 97.3. ಅಷ್ಟೆಲ್ಲ ಸಾಮಾನು ಹಾಕಿ ಕೆಜಿಗೆ ಅರ್ಧ ಅಂಕ ಉಳಿಯಿತು.

ಈಗ ಆಕ್ಸಿಜನ್ ಇದೆ ಅಂತ ಅದೇ ಗಾಡಿಗೆ 600 ಕೆಜಿ ತುಂಬಿ. ಖರ್ಚು 42,000 ಮತ್ತು 6100 ಸೇರಿ 48,100. ಸಾವು 3% ಆದರೆ ಉಳಿಯುವುದು 582 ಕೆಜಿ, ಕೆಜಿಗೆ 82.6. ಸಾವು ಇಳಿಯದೆ 8%ರಲ್ಲೇ ನಿಂತರೂ 552 ಕೆಜಿ, ಕೆಜಿಗೆ 87.1.

ಅಂದರೆ ಉಳಿತಾಯದ ಹೆಚ್ಚಿನ ಪಾಲು ನೀರು ಹೊರುವ ಬಾಡಿಗೆಯಲ್ಲಿದೆ. 250 ಕೆಜಿ ಮೀನಿಗೆ 2250 ಕೆಜಿ ನೀರು ಹೊತ್ತರೆ ಗಾಡಿ ಸಾಗಿಸುತ್ತಿರುವುದು ಮುಖ್ಯವಾಗಿ ನೀರನ್ನೇ. ಒಳ್ಳೆಯ ಪದ್ಧತಿ ಅಂದರೆ ಕೆಜಿ ಮೀನಿಗೆ ಹೊರುವ ನೀರು ಕಡಿಮೆ ಮಾಡುವುದು, ಅದರಿಂದ ಸಾವು ಹೆಚ್ಚದಂತೆ ನೋಡಿಕೊಳ್ಳುವುದು. ಆ ತುದಿಯಲ್ಲಿ 600 ಕೆಜಿಗೆ ಗಿರಾಕಿ ಇಲ್ಲದಿದ್ದರೆ ಈ ಲೆಕ್ಕ ನಿಲ್ಲಲ್ಲ. ಆಗ ಚಿಕ್ಕ ಗಾಡಿ ಹಿಡಿಯುವುದೇ ಸರಿಯಾದ ಸುಧಾರಣೆ.

ಮರಿಸಾಕಣೆ:
ತಕ್ಕಡಿಯವರ ಲೆಕ್ಕ ಮಾರಾಟದ ಮೀನಿಗೆ ಸರಿ. ಬಿತ್ತನೆ ಮರಿಗೆ ಇದನ್ನೇ ಹಚ್ಚಬೇಡಿ. ಮರಿ ಸತ್ತರೆ ಹೋಗುವುದು ಮರಿಯ ಬೆಲೆ ಒಂದೇ ಅಲ್ಲ. ಹೊಂಡಕ್ಕೆ ಬಿಟ್ಟ ವಾರದೊಳಗೆ ತಳದಲ್ಲಿ ಸತ್ತದ್ದು ಕಣ್ಣಿಗೆ ಬೀಳುವುದಿಲ್ಲ. ಸಾಕುವವರು ಪೂರ್ತಿ ಸಂಖ್ಯೆ ಇದೆ ಅಂದುಕೊಂಡು ಮೇವು ಹಾಕುತ್ತಾ ಹೋಗುತ್ತಾರೆ. ತಿನ್ನುವವರಿಲ್ಲದ ಮೇವು ನೀರು ಕೆಡಿಸುತ್ತೆ, ಕೊನೆಗೆ ಇಳುವರಿ ಕಡಿಮೆ ಬರುತ್ತೆ, ಆ ಹಂಗಾಮು ಹೋದ ಹಾಗೇ. ಮರಿ ಸಾಗಣೆಯಲ್ಲಿ ಸಾವು 5% ಇಳಿದರೂ ಅದರ ಬೆಲೆ ಮರಿಯ ಖರೀದಿ ದರಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಇನ್ನೊಂದು ವಿಷಯ. ಸಣ್ಣ ಮೀನು ಕೆಜಿ ಲೆಕ್ಕದಲ್ಲಿ ಹೆಚ್ಚು ಉಸಿರಾಡುತ್ತೆ. 10 ಗ್ರಾಂ ಮರಿಗಳ ಒಂದು ಕೆಜಿ, 1 ಕೆಜಿಯ ಒಂದು ಮೀನಿಗಿಂತ ಸುಮಾರು ಎರಡೂವರೆ ಪಟ್ಟು ಆಕ್ಸಿಜನ್ ಎಳೆಯುತ್ತೆ. ದೊಡ್ಡ ಮೀನಿನ ಸಾಂದ್ರತೆಯನ್ನು (ಇಷ್ಟು ನೀರಿಗೆ ಇಷ್ಟು ಕೆಜಿ ಮೀನು ಅನ್ನುವ ಪ್ರಮಾಣವನ್ನು) ಮರಿಗೆ ನಕಲು ಮಾಡಿದರೆ ಅರ್ಧ ದಾರಿಯಲ್ಲೇ ಕೆಲಸ ಕೆಡುತ್ತೆ.

ಗಾಳಿಕಲ್ಲು:
ಆಕ್ಸಿಜನ್ ಎಷ್ಟು ಬೇಕು ಅಂತ ಲೆಕ್ಕ ಹಾಕದೆ "ಒಂದು ಸಿಲಿಂಡರ್ ಸಾಕು" ಅನ್ನುವವರೇ ಹೆಚ್ಚು. 600 ಕೆಜಿಯ ಟ್ರಿಪ್ ಹಿಡಿಯೋಣ.

ಹೊಟ್ಟೆ ಖಾಲಿ ಇರುವ, ಗಾಬರಿ ಇಲ್ಲದ ಮೀನು 25 ಡಿಗ್ರಿ ಆಸುಪಾಸಿನಲ್ಲಿ ಕೆಜಿಗೆ ಗಂಟೆಗೆ ಸುಮಾರು 250 ಮಿಲಿಗ್ರಾಂ ಅಂತ ಇಟ್ಟುಕೊಳ್ಳಿ. ಒಟ್ಟು ಗಂಟೆಗೆ 150 ಗ್ರಾಂ, 6 ಗಂಟೆಗೆ 900. ತುಂಬಿದ ಮೊದಲ ಗಂಟೆ ಮೀನು ಒದ್ದಾಡುತ್ತಿರುತ್ತೆ, ಆ ಗಂಟೆಗೆ ಎರಡರಷ್ಟು ಹಿಡಿದರೆ ಒಟ್ಟು 1050 ಗ್ರಾಂ. ಇದು ಮೀನು ಉಸಿರಾಡುವುದು. ಸಿಲಿಂಡರಿನಿಂದ ಬಿಡುವುದು ಬೇರೆ, ಯಾಕಂದರೆ ಗುಳ್ಳೆಯ ಹೆಚ್ಚಿನ ಭಾಗ ಮೇಲೆ ಬಂದು ಒಡೆದು ಹೋಗುತ್ತೆ. ದಪ್ಪ ಗುಳ್ಳೆ ಬಿಡುವ ಒರಟು ಏರ್ ಸ್ಟೋನ್‌ನಲ್ಲಿ 5% ಕರಗಿದರೆ 21 ಕೆಜಿ ಆಕ್ಸಿಜನ್ ಬೇಕು. ಹೊಗೆಯ ಹಾಗೆ ಸಣ್ಣ ಗುಳ್ಳೆ ಬಿಡುವ ಸೆರಾಮಿಕ್ ಡಿಫ್ಯೂಸರಿನಲ್ಲಿ 15% ಕರಗಿದರೆ 7 ಕೆಜಿ ಸಾಕು.

47 ಲೀಟರ್ ಒಳಗಾತ್ರದ ದೊಡ್ಡ ಸಿಲಿಂಡರಿನಲ್ಲಿ 150 ಬಾರ್ ಒತ್ತಡದಲ್ಲಿ ಸುಮಾರು 7000 ಲೀಟರ್ ಅನಿಲ ಇರುತ್ತೆ, ತೂಕದಲ್ಲಿ 9.3 ಕೆಜಿ. ಅಂದರೆ ಡಿಫ್ಯೂಸರಿನಲ್ಲಿ ಮುಕ್ಕಾಲು ಸಿಲಿಂಡರ್, ಏರ್ ಸ್ಟೋನಿನಲ್ಲಿ ಎರಡೂಕಾಲು. ಖಾಲಿ ಸಿಲಿಂಡರೇ ಒಂದೊಂದು 50 ಕೆಜಿ ಮೇಲೆ ತೂಗುತ್ತೆ, ಆ ತೂಕ ಮೀನಿನ ಪಾಲಿನಿಂದ ಹೋಗುತ್ತೆ. ಡಿಫ್ಯೂಸರ್ ದುಬಾರಿ ಅನ್ನುವವರು ಉಳಿಯುವ ಗ್ಯಾಸ್ ಮತ್ತು ಉಳಿಯುವ ತೂಕ ಎರಡನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಫ್ಲೋಮೀಟರ್ (ಅನಿಲ ಎಷ್ಟು ಹರಿಯುತ್ತಿದೆ ಅಂತ ತೋರಿಸುವ ಮಾಪಕ): ಮೊದಲ ಗಂಟೆ ನಿಮಿಷಕ್ಕೆ 25 ಲೀಟರ್, ಆಮೇಲೆ 12 ರಿಂದ 13. ಇದು 15% ಕರಗುತ್ತೆ ಅನ್ನುವ ಲೆಕ್ಕಕ್ಕೆ. ಆರಂಭದಲ್ಲಿ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಡಿಒ (ನೀರಿನಲ್ಲಿ ಕರಗಿದ ಆಕ್ಸಿಜನ್, ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ) ಮೀಟರ್ ನೋಡಿ ತಿದ್ದಿಕೊಳ್ಳಿ. ಮೀನು ತುಂಬುವ ಮೊದಲೇ ಆಕ್ಸಿಜನ್ ಬಿಟ್ಟಿರಬೇಕು. ತುಂಬಿದ ಮೇಲೆ ವಾಲ್ವ್ ತಿರುಗಿಸಲು ಹೋದರೆ ಅಷ್ಟರಲ್ಲಿ ಡಿಒ ನೆಲ ಕಚ್ಚಿರುತ್ತೆ. 30 ಡಿಗ್ರಿ ನೀರಿನಲ್ಲಿ ಗಾಳಿಯಿಂದ ಕರಗುವುದೇ ಲೀಟರಿಗೆ 7.6 ಮಿಲಿಗ್ರಾಂ. 2500 ಕೆಜಿಯಲ್ಲಿ ಮೀನು 600 ಹೋದರೆ ಉಳಿಯುವ 1900 ಲೀಟರಿನಲ್ಲಿರುವ ಒಟ್ಟು ದಾಸ್ತಾನು 14 ಗ್ರಾಂ ಮಾತ್ರ. ಗಂಟೆಗೆ 300 ಗ್ರಾಂ ಎಳೆಯುವ ಮೀನಿಗೆ ಅದು ಮೂರು ನಿಮಿಷಕ್ಕೂ ಬರಲ್ಲ.

ಕೆರೆದಂಡೆ:
ಮೂರು ನಿಮಿಷ ಅಂದರೆ ರೆಗ್ಯುಲೇಟರ್ ಕೈಕೊಟ್ಟರೆ ಗಾಡಿ ಬದಿಗೆ ಹಾಕುವಷ್ಟರಲ್ಲಿ ಮುಗಿದೇ ಹೋಗುತ್ತೆ. ಇನ್ನೊಂದು ಸಂಶಯ. ಡಿಒ 9-10 ತೋರಿಸುತ್ತಿದ್ದರೂ ನಾಲ್ಕನೇ ಗಂಟೆಗೆ ಮೀನು ಮಗ್ಗುಲಾಗುವುದು, ಮೇಲೆ ಬಂದು ಬಾಯಿ ತೆರೆಯುವುದು ಯಾಕೆ? ಮೀಟರ್ ತಪ್ಪಾ?

ನೀರುಪರೀಕ್ಷೆ:
ಮೀಟರ್ ಸರಿಯಿದೆ. ಅದು ಕಾರ್ಬನ್ ಡೈಆಕ್ಸೈಡ್ ಅಳೆಯುವುದಿಲ್ಲ ಅಷ್ಟೆ. ಶುದ್ಧ ಆಕ್ಸಿಜನ್ ಹಾಕಿ ಸಾಂದ್ರತೆ ಏರಿಸಿದವರು ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಮೀನು 1 ಗ್ರಾಂ ಆಕ್ಸಿಜನ್ ಬಳಸಿದರೆ ಸುಮಾರು 1.24 ಗ್ರಾಂ ಕಾರ್ಬನ್ ಡೈಆಕ್ಸೈಡ್ ಬಿಡುತ್ತೆ. ಗಂಟೆಗೆ 150 ಗ್ರಾಂ ಬಳಸುವ ಮೀನು 186 ಗ್ರಾಂ ಬಿಡುತ್ತೆ. ಅದು 1900 ಲೀಟರಿಗೆ ಸೇರಿದರೆ ಪ್ರತಿ ಗಂಟೆಗೆ ಲೀಟರಿಗೆ 98 ಮಿಲಿಗ್ರಾಂ ಏರಿಕೆ. ಲೀಟರಿಗೆ 20-30 ಮಿಲಿಗ್ರಾಂ ದಾಟಿದರೇ ರಕ್ತ ಆಕ್ಸಿಜನ್ ಹಿಡಿಯುವ ಶಕ್ತಿ ಕುಗ್ಗತೊಡಗುತ್ತೆ. ಸುತ್ತ ಆಕ್ಸಿಜನ್ ತುಂಬಿ ತುಳುಕುತ್ತಿದ್ದರೂ ಕಿವಿರು ಅದನ್ನು ಒಳಗೆ ಒಯ್ಯಲಾರದು. ಮೀನು ಮಂಕಾಗುತ್ತೆ, ಮಗ್ಗುಲಾಗುತ್ತೆ. ನೋಡಿದವರು ಆಕ್ಸಿಜನ್ ಕಡಿಮೆಯಾಯಿತು ಅಂತ ವಾಲ್ವ್ ಇನ್ನೂ ತೆರೆಯುತ್ತಾರೆ, ಅದರಿಂದ ಏನೂ ಆಗಲ್ಲ.

ಗಾಳಿಯ ಬ್ಲೋವರ್ ಇದ್ದಾಗ ಈ ತೊಂದರೆ ಇಷ್ಟು ಕಾಣುತ್ತಿರಲಿಲ್ಲ. ದೊಡ್ಡ ಗುಳ್ಳೆಗಳು ಕಾರ್ಬನ್ ಡೈಆಕ್ಸೈಡನ್ನು ಹೊತ್ತು ಹೊರಗೆ ಹಾಕುತ್ತಿದ್ದವು. ಸೆರಾಮಿಕ್ ಡಿಫ್ಯೂಸರಿನಿಂದ ಬರುವ ಅನಿಲದ ಪ್ರಮಾಣವೇ ಕಡಿಮೆ, ಅದು ಏನನ್ನೂ ಹೊರಗೆ ಒಯ್ಯಲಾರದು. ಮೇಲೆ ಮುಚ್ಚಳ ಬಿಗಿಯಾಗಿ ಹಾಕಿದರೆ ಮುಗಿಯಿತು. ಆದ್ದರಿಂದ ಆಕ್ಸಿಜನ್ ಬಂದ ಮೇಲೆ ಬ್ಲೋವರ್ ಕಿತ್ತು ಹಾಕಬೇಡಿ. ಆಕ್ಸಿಜನ್ ಕೊಡುವುದು ಡಿಫ್ಯೂಸರ್, ಕಾರ್ಬನ್ ಡೈಆಕ್ಸೈಡ್ ತೆಗೆಯುವುದು ಬ್ಲೋವರ್. ಎರಡೂ ಬೇಕು.

ಬ್ಲೋವರ್ ಎಷ್ಟು ದೊಡ್ಡದು? ನೀರಿನಲ್ಲಿ 30 ಮಿಲಿಗ್ರಾಂಗೆ ತಡೆದು ನಿಲ್ಲಿಸಬೇಕಾದರೆ, ಹೊರಹೋಗುವ ಒಂದು ಘನ ಮೀಟರ್ ಗಾಳಿ ಅತಿ ಹೆಚ್ಚೆಂದರೆ 36 ಗ್ರಾಂ ಹೊರುತ್ತೆ. 186 ಗ್ರಾಂಗೆ ಗಂಟೆಗೆ 5 ಘನ ಮೀಟರ್ ಮೇಲೆ, ಅಂದರೆ ನಿಮಿಷಕ್ಕೆ ಸುಮಾರು 90 ಲೀಟರ್. ಗುಳ್ಳೆ ಅಷ್ಟು ಪೂರ್ತಿ ತುಂಬಿಕೊಂಡು ಮೇಲೆ ಬರುವುದಿಲ್ಲ, ಹಾಗಾಗಿ ಅದರ ಎರಡರಷ್ಟು, 180-200 ಲೀಟರ್ ಕೊಡುವ ಬ್ಲೋವರ್ ನೋಡಿ. ನೀರಿನ ಮೇಲೆ, ಮುಚ್ಚಳದ ಕೆಳಗೆ ಇರುವ ಜಾಗಕ್ಕೆ ಮುಂದಿನಿಂದ ಗಾಳಿ ಒಳಬರಲು ಒಂದು ಕೊಳವೆ, ಹಿಂದೆ ಹೊರಹೋಗಲು ಒಂದು ಕಿಂಡಿ ಇರಲಿ. ಗಾಡಿ ಓಡುವಾಗ ಅದೇ ಕೆಲಸ ಮಾಡುತ್ತೆ. ನಿಂತಾಗ ಮುಚ್ಚಳ ತೆರೆದಿಡಿ.

ಒಂದು ಎಚ್ಚರಿಕೆ. ಡಿಒ ಗಾಳಿಯ ಮಟ್ಟಕ್ಕಿಂತ ಬಹಳ ಮೇಲಿದ್ದರೆ ಬ್ಲೋವರ್ ಆಕ್ಸಿಜನ್ನನ್ನೂ ಹೊರಗೆ ಎಳೆಯುತ್ತೆ. 15 ಬರಲಿ ಅಂತ ಗ್ಯಾಸ್ ಸುರಿಯುವುದು ದುಡ್ಡು ಗಾಳಿಗೆ ಬಿಟ್ಟ ಹಾಗೆ. 7-9ರ ನಡುವೆ ಇಟ್ಟರೆ ಸಾಕು.

ತಕ್ಕಡಿ:
ಅಂದರೆ ಮೇಲಿನ ಲೆಕ್ಕದ 3% ಸಾವು ಬ್ಲೋವರ್ ಇದ್ದರೆ ಮಾತ್ರ. ಕೆರೆದಂಡೆಯವರೇ, ಅದು ಈಗಾಗಲೇ ನಿಮ್ಮ ಮಾದರಿಯಲ್ಲಿ ಇದೆ, ಹೊಸ ಖರ್ಚಿಲ್ಲ. ಆದರೆ ಅದು ಗಾಡಿಯ ಬ್ಯಾಟರಿಯಿಂದಲೇ ನಡೆಯುತ್ತಿದ್ದರೆ ಬೇರೆ ಬ್ಯಾಟರಿ ಸೇರಿಸಿ.

ಹೊಳೆಸಾಲು:
ಎಲ್ಲರೂ ಟ್ಯಾಂಕಿನ ಒಳಗಿನ ಮಾತು ಆಡುತ್ತಿದ್ದೀರಿ. ಅತಿ ಕಡಿಮೆ ಖರ್ಚಿನ ಸುಧಾರಣೆ ಮೀನು ಗಾಡಿ ಹತ್ತುವ ಮೊದಲೇ ಇದೆ, ಮತ್ತು ಅದನ್ನು ಬಿಟ್ಟು ಉಳಿದದ್ದಕ್ಕೆ ಹಾಕಿದ ದುಡ್ಡು ಅರ್ಧ ವ್ಯರ್ಥ.

ಮೇವು ನಿಲ್ಲಿಸುವುದು: ದೊಡ್ಡ ಮೀನಿಗೆ 24 ರಿಂದ 48 ಗಂಟೆ, ಮರಿಗೆ 12 ರಿಂದ 24. ತಣ್ಣನೆ ನೀರಿದ್ದರೆ ಜೀರ್ಣ ನಿಧಾನ, ಹೆಚ್ಚು ಹೊತ್ತು ಬೇಕು. ಹೊಟ್ಟೆ ತುಂಬಿದ ಮೀನು ಹೆಚ್ಚು ಆಕ್ಸಿಜನ್ ಎಳೆಯುತ್ತೆ, ಹೆಚ್ಚು ಅಮೋನಿಯ ಬಿಡುತ್ತೆ, ಹಿಕ್ಕೆ ಹಾಕಿ ನೀರು ಕೆಡಿಸುತ್ತೆ, ವಾಂತಿಯನ್ನೂ ಮಾಡುತ್ತೆ. ಉಪವಾಸದಲ್ಲಿ ಸ್ವಲ್ಪ ತೂಕ ಇಳಿಯುತ್ತೆ, ಆ ತೂಕದ ಆಸೆಗೆ ಸಾಯಂಕಾಲದವರೆಗೂ ಮೇವು ಹಾಕಿ ರಾತ್ರಿ ತುಂಬುವುದು ಬೇಡ. ಹಾಗೆ ಮಾಡಿದರೆ ಗಾಳಿಕಲ್ಲು ಅವರ 250 ಮಿಲಿಗ್ರಾಂ ಲೆಕ್ಕ ತಲೆಕೆಳಗಾಗುತ್ತೆ.

ಹಿಡಿದು ವಿಶ್ರಾಂತಿ: ಬಲೆ ಎಳೆದ ಮೀನನ್ನು ನೇರ ಗಾಡಿಗೆ ಹಾಕಬೇಡಿ. ಹಾಪಾದಲ್ಲಿ (ನೀರೊಳಗೆ ಕಟ್ಟುವ ಬಲೆಯ ತೊಟ್ಟಿಯಲ್ಲಿ) ಅಥವಾ ಹರಿಯುವ ನೀರಿನ ತೊಟ್ಟಿಯಲ್ಲಿ ಕೆಲವು ಗಂಟೆ ಇಡಿ, ಮರಿಗಳನ್ನು ಹಿಂದಿನ ದಿನವೇ. ಕೆಸರು ಕಿವಿರಿನಿಂದ ತೊಳೆದು ಹೋಗುತ್ತೆ, ಗಾಯವಾದದ್ದು ಅಲ್ಲೇ ಗೊತ್ತಾಗುತ್ತೆ. ಹುರುಪೆ ಕಿತ್ತ ಮೀನು, ಕಣ್ಣಿಗೆ ಪೆಟ್ಟಾದ ಮೀನು, ತೀರ ಸಣ್ಣದು, ಇವನ್ನೆಲ್ಲ ಅಲ್ಲೇ ಆರಿಸಿ ತೆಗೆಯಿರಿ. ಒಂದು ಮೀನು ಸತ್ತರೆ ಉಳಿದವಕ್ಕೂ ನೀರು ಕೆಡುತ್ತೆ.

ಎತ್ತುವ ರೀತಿ: ಗಂಟಿಲ್ಲದ ನುಣುಪು ಬಲೆ. ಒಂದು ಬುಟ್ಟಿಗೆ 10-15 ಕೆಜಿಗಿಂತ ಹೆಚ್ಚು ಬೇಡ. ತಳದ ಮೀನಿನ ಮೇಲೆ ಮೇಲಿನವುಗಳ ಭಾರ ಬಿದ್ದು ಲೋಳೆ ಕಳಚಿಕೊಳ್ಳುತ್ತೆ. ಅಂಥ ಮೀನು ದಾರಿಯಲ್ಲಿ ಸಾಯದೆ ಮೂರು ನಾಲ್ಕು ದಿನದ ಮೇಲೆ ಮೈಮೇಲೆ ಹತ್ತಿಯಂಥ ಬೂಸು ಬಂದು ಸಾಯುತ್ತೆ. ಸಾಧ್ಯವಾದರೆ ತಳಕ್ಕೆ ರಬ್ಬರ್ ಹಾಳೆ ಹಾಕಿದ, ಸ್ವಲ್ಪ ನೀರು ನಿಲ್ಲುವ ಬುಟ್ಟಿ. ಈ ಒಂದು ಬುಟ್ಟಿ ಬದಲಾಯಿಸಿದರೆ ಬರುವ ಲಾಭ ಅದರ ಬೆಲೆಗೆ ಹೋಲಿಸಿದರೆ ಬಹಳ ದೊಡ್ಡದು.

ಕೆರೆದಂಡೆ:
ಉಪ್ಪು, ಅಮೋನಿಯ ಹಿಡಿಯುವ ಜಿಯೋಲೈಟ್ ಅನ್ನುವ ಖನಿಜ, ಎರಡೂ ಹಾಕಿ ಅಂತ ಮಾರುವವರು ಹೇಳುತ್ತಾರೆ. ಪ್ರಮಾಣ ಎಷ್ಟು ಸರ್?

ನೀರುಪರೀಕ್ಷೆ:
ಎರಡನ್ನೂ ಒಟ್ಟಿಗೆ ಹಾಕುವುದು ದುಡ್ಡು ದಂಡ. ಜಿಯೋಲೈಟ್ ತನ್ನಲ್ಲಿರುವ ಸೋಡಿಯಂ ಬಿಟ್ಟು ಅಮೋನಿಯಂ ಹಿಡಿಯುತ್ತೆ. ನೀರಿನಲ್ಲಿ ಉಪ್ಪಿನ ಸೋಡಿಯಂ ತುಂಬಿದ್ದರೆ ಆ ವಿನಿಮಯ ನಡೆಯುವುದಿಲ್ಲ, ಹಿಡಿದದ್ದನ್ನೂ ವಾಪಸ್ ಬಿಡುತ್ತೆ. 6 ಗಂಟೆ ದಾರಿಗೆ ಉಪ್ಪನ್ನೇ ಆರಿಸಿಕೊಳ್ಳಿ. ಸಿಹಿನೀರಿನ ಮೀನಿಗೆ ಲೀಟರಿಗೆ 2 ರಿಂದ 3 ಗ್ರಾಂ, ತುಂಬಿಸುವ ಮೊದಲೇ ಪೂರ್ತಿ ಕರಗಿರಲಿ. ಗಾಬರಿಯಾದ ಮೀನಿನ ರಕ್ತದಿಂದ ಲವಣ ನೀರಿಗೆ ಸೋರುತ್ತೆ, ನೀರು ಮೈಯೊಳಗೆ ನುಗ್ಗುತ್ತೆ. ಉಪ್ಪು ಆ ಅಂತರವನ್ನು ಕಡಿಮೆ ಮಾಡುತ್ತೆ. 1900 ಲೀಟರಿಗೆ 4 ರಿಂದ 6 ಕೆಜಿ, ಇಡೀ ಖರ್ಚಿನಲ್ಲಿ ಲೆಕ್ಕಕ್ಕೇ ಬಾರದಷ್ಟು. ಗಟ್ಟಿಯಾಗದಿರಲು ರಾಸಾಯನಿಕ ಬೆರೆಸಿದ ಪುಡಿ ಉಪ್ಪು ಬೇಡ, ಹರಳುಪ್ಪು ಸಾಕು.

ಅಡುಗೆ ಸೋಡ ಹಾಕಿ ಪಿಎಚ್ ಏರಿಸುವ ಸಲಹೆಯೂ ಓಡಾಡುತ್ತಿದೆ. ಮಾಡಬೇಡಿ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯದ 0.6% ಮಾತ್ರ ವಿಷರೂಪದಲ್ಲಿರುತ್ತೆ. ಪಿಎಚ್ 8 ಆದರೆ 5% ದಾಟುತ್ತೆ, ಒಂಬತ್ತು ಪಟ್ಟು.

ಮರಿಸಾಕಣೆ:
ಮರಿಗೆ ಬಳಸುವ ಆಕ್ಸಿಜನ್ ಚೀಲದಲ್ಲಿ ಇದೇ ವಿಷಯ ಇನ್ನೂ ಚೆನ್ನಾಗಿ ಕಾಣುತ್ತೆ. 18 ಲೀಟರ್ ಹಿಡಿಯುವ ಜೋಡಿ ಪಾಲಿಥೀನ್ ಚೀಲ, ಮೂರನೇ ಒಂದು ಭಾಗ ನೀರು, ಎರಡು ಭಾಗ ಆಕ್ಸಿಜನ್. 12 ಲೀಟರ್ ಆಕ್ಸಿಜನ್ ಅಂದರೆ 16 ಗ್ರಾಂ. 300 ಗ್ರಾಂ ಮರಿ ಕೆಜಿಗೆ ಗಂಟೆಗೆ 400 ಮಿಲಿಗ್ರಾಂ ಎಳೆದರೂ 24 ಗಂಟೆಗೆ ಬಳಸುವುದು 2.9 ಗ್ರಾಂ. ಐದರಲ್ಲಿ ನಾಲ್ಕು ಪಾಲು ಆಕ್ಸಿಜನ್ ಹಾಗೇ ಉಳಿದಿರುತ್ತೆ! ಅಷ್ಟರಲ್ಲಿ 3.6 ಗ್ರಾಂ ಕಾರ್ಬನ್ ಡೈಆಕ್ಸೈಡ್ ಚೀಲದಲ್ಲೇ ಕೂಡಿರುತ್ತೆ, ನೀರಿನಲ್ಲಿ ಲೀಟರಿಗೆ 150 ಮಿಲಿಗ್ರಾಂ ದಾಟಿ. ಹಾಗಾಗಿ ಚೀಲ ಕಲ್ಲಿನಂತೆ ಗಟ್ಟಿಯಾಗುವವರೆಗೆ ಆಕ್ಸಿಜನ್ ತುಂಬಿದರೆ ಮರಿ ಹೆಚ್ಚು ಹಿಡಿಯುತ್ತೆ ಅನ್ನುವುದು ತಪ್ಪು. ಮರಿ ಕಡಿಮೆ ಮಾಡಿ, ಇಲ್ಲವೇ ತಂಪು ಮಾಡಿ.

ಕಟ್ಟುವಾಗ ತಪ್ಪುವುದು ಎಲ್ಲಿ ಅಂದರೆ, ಕೆಳಮೂಲೆಗಳನ್ನು ಮಡಿಸಿ ಕಟ್ಟದೆ ಬಿಟ್ಟರೆ ಮರಿಗಳು ಆ ಚೂಪಿಗೆ ಸಿಕ್ಕಿಕೊಂಡು ಉಸಿರುಗಟ್ಟಿ ಸಾಯುತ್ತವೆ. ನೀರು, ಮರಿ ಹಾಕಿದ ಮೇಲೆ ಚೀಲದ ಗಾಳಿಯನ್ನು ಕೈಯಿಂದ ನೀರಿನ ಮಟ್ಟದವರೆಗೂ ಹಿಂಡಿ ಹೊರಹಾಕಬೇಕು, ಆಮೇಲೆ ಕೊಳವೆ ನೀರೊಳಗೆ ಇಳಿಸಿ ಆಕ್ಸಿಜನ್ ಬಿಡಬೇಕು. ಬಾಯಿ ತಿರುಚಿ, ಮಡಿಸಿ, ಎರಡು ರಬ್ಬರ್ ಬ್ಯಾಂಡ್. ಒಳಚೀಲ ಬೇರೆ, ಹೊರಚೀಲ ಬೇರೆ ಕಟ್ಟಿ. ಚೀಲವನ್ನು ಪೆಟ್ಟಿಗೆಯಲ್ಲಿ ಮಲಗಿಸಿಡಿ, ನೀರಿನ ಮೇಲ್ಮೈ ಅಗಲವಾದಷ್ಟು ಅನಿಲ ಬೇಗ ಕರಗುತ್ತೆ. ವಿಮಾನದಲ್ಲಿ ಹೋಗುವುದಾದರೆ ಪೂರ್ತಿ ಉಬ್ಬಿಸಬೇಡಿ, ಮೇಲೆ ಒತ್ತಡ ಇಳಿದಾಗ ಬಿರಿಯುತ್ತೆ. ಮುಳ್ಳಿರುವ ಕ್ಯಾಟ್‌ಫಿಷ್ ಮರಿಗೆ ಎರಡು ಚೀಲಗಳ ನಡುವೆ ಹಳೆ ಪತ್ರಿಕೆಯ ಪದರ ಹಾಕಿ.

ಮಂಜುಪೆಟ್ಟಿಗೆ:
ತಂಪಿನ ವಿಷಯ. ಉಷ್ಣತೆ 10 ಡಿಗ್ರಿ ಇಳಿದರೆ ಮೀನಿನ ಉಸಿರಾಟ ಸುಮಾರು ಅರ್ಧಕ್ಕೆ ಇಳಿಯುತ್ತೆ. 30ರಿಂದ 25ಕ್ಕೆ ತಂದರೆ ಹತ್ತಿರ ಹತ್ತಿರ 30% ಕಡಿಮೆ. ಉಪವಾಸದ ಹಾಗೆ ಇದೂ ಆಕ್ಸಿಜನ್ ಬಳಕೆ, ಕಾರ್ಬನ್ ಡೈಆಕ್ಸೈಡ್, ಅಮೋನಿಯ ಮೂರನ್ನೂ ಒಟ್ಟಿಗೆ ಇಳಿಸುವ ಉಪಾಯ.

ಖರ್ಚು: 100 ಲೀಟರ್ ನೀರು 1 ಡಿಗ್ರಿ ಇಳಿಸಲು ಸುಮಾರು 1 ಕೆಜಿ ಮಂಜುಗಡ್ಡೆ. 2500 ಕೆಜಿ ನೀರು-ಮೀನು 5 ಡಿಗ್ರಿ ಇಳಿಸಲು 120 ಕೆಜಿ. ಅದನ್ನು ಮುಚ್ಚಿದ ಚೀಲದಲ್ಲಿ ಇಟ್ಟರೆ 120 ಕೆಜಿ ಹೆಚ್ಚುವರಿ ಹೊರೆ. ಬದಲಿಗೆ ಕ್ಲೋರಿನ್ ಇಲ್ಲದ ಅದೇ ಬಾವಿ ನೀರಿನಿಂದ ಗಡ್ಡೆ ಮಾಡಿಸಿ, 120 ಲೀಟರ್ ನೀರು ಕಡಿಮೆ ತುಂಬಿ, ಗಡ್ಡೆಯನ್ನು ನೇರ ನೀರಿಗೇ ಹಾಕಿ. ಹೊರೆ ಒಂದು ಕೆಜಿಯೂ ಹೆಚ್ಚಲ್ಲ. ಕ್ಲೋರಿನ್ ನೀರಿನ ಗಡ್ಡೆಯಾದರೆ ನೇರ ಹಾಕಲೇಬೇಡಿ, ಕಿವಿರು ಸುಟ್ಟುಹೋಗುತ್ತೆ. ಇಳಿಸುವುದು ನಿಧಾನವಾಗಿ, ಮೀನು ಇದ್ದ ನೀರಿಗೂ ಟ್ಯಾಂಕಿನ ನೀರಿಗೂ 5 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬೇಡ, ಮರಿಗೆ 2-3.

ಇನ್ಸುಲೇಷನ್ ಇಲ್ಲದ ಟ್ಯಾಂಕಿನಲ್ಲಿ ಈ ತಂಪು ಬಿಸಿಲಿಗೆ ಕರಗಿ ಹೋಗುತ್ತೆ. ಇನ್ಸುಲೇಷನ್ ಇದ್ದರೂ ಮೀನಿನ ಉಸಿರಾಟದ ಬಿಸಿಯೇ ಮೇಲಿನ ಸಾಂದ್ರತೆಯಲ್ಲಿ ಗಂಟೆಗೆ 0.2 ಡಿಗ್ರಿ ಏರಿಸುತ್ತೆ, 6 ಗಂಟೆಗೆ 1 ಡಿಗ್ರಿಗಿಂತ ಸ್ವಲ್ಪ ಹೆಚ್ಚು. ಅದಕ್ಕೆ ಚಿಲ್ಲರ್ ಬೇಡ. ಬರೀ ರಾತ್ರಿ ಓಡಿಸುವವರಿಗೆ ಇನ್ಸುಲೇಟೆಡ್ ಟ್ಯಾಂಕಿನ ಲಾಭ ತೀರಾ ಕಡಿಮೆ, ಹಗಲು ಓಡಿಸುವವರಿಗೆ ಅದಿಲ್ಲದೆ ಆಗಲ್ಲ.

ಕೆರೆದಂಡೆ:
ಮೀನಿಗೆ ಮಂಪರು ಬರಿಸುವ ಔಷಧ, ಲವಂಗದೆಣ್ಣೆ ಹಾಕಿದರೆ ಇನ್ನೂ ಹೆಚ್ಚು ತುಂಬಬಹುದು ಅಂತಾರಲ್ಲ?

ಹೊಳೆಸಾಲು:
ತಿನ್ನುವ ಮೀನಿಗೆ ಬೇಡ. ಎಂಎಸ್-222 ಅನ್ನುವ ಮಂಪರಿನ ಔಷಧ ಕೊಟ್ಟ ಮೀನನ್ನು ಅಮೆರಿಕದ ನಿಯಮದಂತೆ 21 ದಿನ ತಿನ್ನಲು ಬಿಡುವಂತಿಲ್ಲ, ಲವಂಗದೆಣ್ಣೆಗೆ ಅಲ್ಲಿ ಮೀನಿನ ಮೇಲೆ ಬಳಸಲು ಅನುಮತಿಯೇ ಇಲ್ಲ. ಪ್ರಮಾಣ ಸ್ವಲ್ಪ ಹೆಚ್ಚಾದರೂ ಮೀನು ಈಜು ಬಿಟ್ಟು ತಳಕ್ಕೆ ಕೂತು, ಒಂದರ ಮೇಲೊಂದು ಬಿದ್ದು ಉಸಿರುಗಟ್ಟುತ್ತೆ. ತಂಪಿನಿಂದಲೇ ಮೀನು ಶಾಂತವಾಗುತ್ತೆ, ಕತ್ತಲು ಕೂಡ ಸಹಾಯ ಮಾಡುತ್ತೆ.

ಗಾಳಿಕಲ್ಲು:
ದ್ರವ ಆಕ್ಸಿಜನ್, ಕಾನ್ಸಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸುವ ಯಂತ್ರ) ಬಗ್ಗೆ ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. ಒಂದು ಲೀಟರ್ ದ್ರವ ಸುಮಾರು 860 ಲೀಟರ್ ಅನಿಲವಾಗುತ್ತೆ, ಹೊರೆ ಬಹಳ ಉಳಿಯುತ್ತೆ. ಆದರೆ ಬಳಸಿದರೂ ಬಳಸದಿದ್ದರೂ ದಿನಾ ಸ್ವಲ್ಪ ಆವಿಯಾಗಿ ಹೋಗುತ್ತೆ. ದಿನವೂ ಗಾಡಿ ಓಡುವವರಿಗೆ ಗಿಟ್ಟುತ್ತೆ, ವಾರಕ್ಕೊಮ್ಮೆ ಓಡಿಸುವವರಿಗೆ ಇಲ್ಲ. ಆಸ್ಪತ್ರೆ ಮಾದರಿಯ ಕಾನ್ಸಂಟ್ರೇಟರ್ ಕೊಡುವ ಒತ್ತಡ 1 ಬಾರ್ ಕೂಡ ಇರುವುದಿಲ್ಲ, ಸೆರಾಮಿಕ್ ಡಿಫ್ಯೂಸರಿಗೆ 2 ಬಾರ್ ಆಸುಪಾಸು ಬೇಕು. ಜೋಡಿ ಹೊಂದಲ್ಲ.

ನೀರುಪರೀಕ್ಷೆ:
ಇಳಿಸುವಾಗ ಆಗುವ ಒಂದು ಸಾವನ್ನು ಯಾರೂ ಸಾಗಣೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಉಪವಾಸದ ಮೀನು ಗಂಟೆಗೆ ಕೆಜಿಗೆ 10 ಮಿಲಿಗ್ರಾಂ ಅಮೋನಿಯ ಬಿಟ್ಟರೂ 6 ಗಂಟೆಯಲ್ಲಿ ಟ್ಯಾಂಕಿನ ನೀರಿನಲ್ಲಿ ಲೀಟರಿಗೆ 19 ಮಿಲಿಗ್ರಾಂ ಆಗುತ್ತೆ. ಕಾರ್ಬನ್ ಡೈಆಕ್ಸೈಡಿನಿಂದ ಪಿಎಚ್ 7ಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದಿರುವುದರಿಂದ ದಾರಿಯುದ್ದಕ್ಕೂ ಅದು ಕಾಡುವುದಿಲ್ಲ, ವಿಷರೂಪ 0.1 ಮಿಲಿಗ್ರಾಂ ಅಷ್ಟೆ. ಈಗ ತಲುಪಿದ ಮೇಲೆ ಪಿಎಚ್ 8.5ರ ಹೊಂಡದ ನೀರನ್ನು ಟ್ಯಾಂಕಿಗೆ ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಗಂಟೆಗಟ್ಟಲೆ ಹೊಂದಿಸುತ್ತಾ ಕೂತರೆ? ಅಮೋನಿಯ ಇನ್ನೂ ಅಲ್ಲೇ ಇದೆ, ಪಿಎಚ್ ಮಾತ್ರ ಏರುತ್ತಿದೆ. ಪಿಎಚ್ 8ಕ್ಕೆ ಬಂದರೆ ಅದೇ 19ರಲ್ಲಿ 1 ಮಿಲಿಗ್ರಾಂ ವಿಷ. ಮೀನನ್ನು ಕಾಪಾಡಬೇಕಾದ ಹೊಂದಾಣಿಕೆಯೇ ಕೊಲ್ಲುತ್ತೆ.

ಹಾಗಾಗಿ ನೀರು ಬದಲಾಯಿಸುವುದಾದರೆ ಬೇಗ, ಹೆಚ್ಚು ಪ್ರಮಾಣದಲ್ಲಿ. ಹಳೆ ನೀರಿನ ಅರ್ಧಕ್ಕಿಂತ ಹೆಚ್ಚು ಹೊರಬಿಟ್ಟು ಹೊಸದು ತುಂಬಿ, ಉಷ್ಣತೆ ಹತ್ತಿರ ಬಂದ ಕೂಡಲೇ ಮೀನು ಇಳಿಸಿ. ಮರಿ ಚೀಲವನ್ನು ಬಾಯಿ ಬಿಚ್ಚದೆ 15-20 ನಿಮಿಷ ತೇಲಿಸಿ ಉಷ್ಣತೆ ಹೊಂದಿಸಿ. ಬಿಚ್ಚಿದ ಮೇಲೆ ತಡ ಮಾಡಬೇಡಿ.

ತಕ್ಕಡಿ:
ಈಗ ಕೆರೆದಂಡೆಯವರ ಮೂರು ನಿಮಿಷದ ಭಯಕ್ಕೆ ಬರುತ್ತೇನೆ, ಅದು ಲೆಕ್ಕದಲ್ಲಿ ಮುಖ್ಯ. 600 ಕೆಜಿ ಪದ್ಧತಿಯಲ್ಲಿ ಜೀವಂತ ಕೆಜಿಗೆ 15.2 ಅಂಕ ಉಳಿದರೆ 582 ಕೆಜಿಗೆ ಟ್ರಿಪ್ಪಿಗೆ ಸುಮಾರು 8850 ಅಂಕದ ಲಾಭ. ಆಕ್ಸಿಜನ್ ನಿಂತು ಒಂದು ಲೋಡ್ ಪೂರ್ತಿ ಹೋದರೆ ನಷ್ಟ 48,100. ಐದಾರು ಟ್ರಿಪ್ಪಿನ ಲಾಭ ಒಂದೇ ಏಟಿಗೆ ಹೋಯಿತು. ಹತ್ತು ಟ್ರಿಪ್ಪಿಗೆ ಒಮ್ಮೆ ಹೀಗಾದರೆ ಲಾಭದ ಅರ್ಧಕ್ಕಿಂತ ಹೆಚ್ಚು ಕರಗುತ್ತೆ. ಐವತ್ತಕ್ಕೆ ಒಮ್ಮೆಯಾದರೆ ಪದ್ಧತಿ ಚೆನ್ನಾಗಿಯೇ ಗಿಟ್ಟುತ್ತೆ. ಎರಡನೇ ಸಿಲಿಂಡರ್, ಎರಡನೇ ರೆಗ್ಯುಲೇಟರ್, ಟ್ಯಾಂಕನ್ನು ಎರಡು ಭಾಗ ಮಾಡಿ ಪ್ರತಿ ಭಾಗಕ್ಕೂ ಬೇರೆ ಕೊಳವೆ, ಇವು ಉಳಿತಾಯ ಮಾಡುವ ಜಾಗಗಳಲ್ಲ.

ಸಾಂದ್ರತೆಯನ್ನು ಒಂದೇ ಸಲ 250ರಿಂದ 600ಕ್ಕೆ ಏರಿಸಬೇಡಿ. 350, 450 ಹೀಗೆ ಏರಿಸುತ್ತಾ ಪ್ರತಿ ಹಂತದಲ್ಲಿ ಏಳು ದಿನದ ಸಾವು ಎಣಿಸಿ. ಸಾವು ಏರತೊಡಗಿದ ಹಂತದಲ್ಲೇ ನಿಂತು, ನೀರುಪರೀಕ್ಷೆಯವರು ಹೇಳಿದ್ದರಲ್ಲಿ ಯಾವುದು ಕಾರಣ ಅಂತ ಹುಡುಕಿ.

ಕೆರೆದಂಡೆ:
ಸರಿ. ಹಾಗಾದರೆ ಮೊದಲು ಉಪವಾಸ, ಬುಟ್ಟಿ, ಉಪ್ಪು. ಆಮೇಲೆ ಡಿಒ ಮೀಟರ್, ಎರಡು ಸಿಲಿಂಡರ್, ಡಿಫ್ಯೂಸರ್, ಬ್ಲೋವರಿಗೆ ಬೇರೆ ಬ್ಯಾಟರಿ. ಹಗಲು ಓಡಿಸಬೇಕಾಗಿ ಬಂದರೆ ಮಾತ್ರ ಇನ್ಸುಲೇಟೆಡ್ ಟ್ಯಾಂಕ್. ಹಳೆ ಟ್ಯಾಂಕ್ ಇರುವವರೆಗೆ ಅರ್ಧ ತುಂಬಿ ಓಡಿಸಬಹುದಾ?

ಹೊಳೆಸಾಲು:
ಬೇಡ. ಅರ್ಧ ತುಂಬಿದ ನೀರು ಬ್ರೇಕ್ ಹಾಕಿದಾಗಲೆಲ್ಲ ಅಲೆಯಾಗಿ ಎದ್ದು ಮೀನನ್ನು ಗೋಡೆಗೆ ಬಡಿಯುತ್ತೆ, ತಿರುವಿನಲ್ಲಿ ಗಾಡಿಯನ್ನೂ ಎಳೆಯುತ್ತೆ. ಗಾಳಿ ಆಡಲು ಮುಚ್ಚಳದ ಕುತ್ತಿಗೆಯಷ್ಟು ಜಾಗ ಬಿಟ್ಟು ತುಂಬಿಸಿ. ಮೀನು ಕಡಿಮೆ ಇದ್ದರೆ ಚಿಕ್ಕ ಟ್ಯಾಂಕ್ ಇಡಿ.

ಗಾಳಿಕಲ್ಲು:
ಡಿಫ್ಯೂಸರ್ ಕೊಂಡ ಮೇಲೆ ಎರಡು ವಿಷಯ. ಪ್ರತಿ ಟ್ರಿಪ್ ಮುಗಿದ ಕೂಡಲೇ ಅನಿಲ ಬಿಡುತ್ತಲೇ ಒಳ್ಳೆ ನೀರಿನಲ್ಲಿ ಮೆತ್ತನೆ ಬ್ರಷ್‌ನಿಂದ ಉಜ್ಜಿ. ಅನಿಲ ನಿಲ್ಲಿಸಿ ಕೊಳೆ ನೀರಿನಲ್ಲಿ ಬಿಟ್ಟರೆ ನೀರು ರಂಧ್ರದೊಳಗೆ ಹಿಂದಕ್ಕೆ ಸೇರಿ ಲೋಳೆ ಒಣಗಿ ಕಟ್ಟಿಕೊಳ್ಳುತ್ತೆ. ಆಮೇಲೆ ಒಂದು ಮೂಲೆಯಿಂದ ಮಾತ್ರ ದಪ್ಪ ಗುಳ್ಳೆ ಬರುತ್ತೆ. ಹಾಗೆ ಬಂದರೆ 15% ಲೆಕ್ಕ ಮರೆತುಬಿಡಿ. ಇನ್ನೊಂದು, ಆಕ್ಸಿಜನ್ ರೆಗ್ಯುಲೇಟರಿನ ತಿರುಪಿಗೆ, ವಾಲ್ವಿಗೆ ಎಣ್ಣೆ ಗ್ರೀಸ್ ಯಾವತ್ತೂ ಹಚ್ಚಬೇಡಿ, ಹೆಚ್ಚು ಒತ್ತಡದ ಆಕ್ಸಿಜನ್ ತಗುಲಿ ಹೊತ್ತಿಕೊಳ್ಳುತ್ತೆ. ಸೋರಿಕೆ ನೋಡಲು ಸೋಪಿನ ನೀರು ಸಾಕು, ಗಾಡಿ ಹೊರಡುವ ಮೊದಲು ಪ್ರತಿ ಜೋಡಣೆಗೂ ಹಚ್ಚಿ ನೋಡಿ.